ಹದಿನೇಳು ದಿನದ ಕೈ

ಹದಿನೇಳು ದಿನ ಐಸಿಯುವಿನಲ್ಲಿ ನನ್ನ ಕೈ ಹಿಡಿದು ಕೂತಿದ್ದವರು ನನ್ನ ಗಂಡ ಎಂದು ನಾನು ಮೈಕಿನ ಮುಂದೆ ನಿಂತು ಹೇಳಿದ್ದೇನೆ. ಬಸವ ಜಯಂತಿಯ ದಿನ, ನಮ್ಮ ಸಮಾಜದ ಭವನದಲ್ಲಿ, ಮುನ್ನೂರು ಜನರ ಎದುರು. ಊರುಗೋಲು ಹಿಡಿದು ವೇದಿಕೆ ಹತ್ತಿದ್ದಕ್ಕೇ ಜನ ಚಪ್ಪಾಳೆ ತಟ್ಟಿದ್ದರು. ಗಂಡನ ಹೊಗಳಿಕೆ ಶುರುವಾದ ಮೇಲಂತೂ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಔಷಧದಿಂದ ಅರ್ಧ ಉಳಿದೆ, ಇನ್ನರ್ಧ ಇವರ ಕೈಯಿಂದ" ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಬಸವಪ್ರಭು, ಅಂದರೆ ನನ್ನ ಪತಿರಾಯರು, ತಗ್ಗಿಸಿದ ತಲೆಯನ್ನು ಎರಡು ಸಲ ಆಡಿಸಿದರು. ವಿನಯ ಅಂದುಕೊಂಡೆ. ಮೂರು ಸಾಲು ಹಿಂದೆ ನನ್ನ ನೆಗೆಣ್ಣಿ, ಇವರ ಅಣ್ಣ ಚನ್ನವೀರ ಅವರ ಹೆಂಡತಿ ಭಾಮಾ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟಿದಳು. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಾನು ಉಮಾವತಿ. ವಯಸ್ಸು ಐವತ್ತಾರು. ಕೋಥರೂಡಿನ ಒಂದು ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ಮೂವತ್ತೊಂದು ವರ್ಷವಾಯಿತು. ಇವರಿಗೆ ಸ್ವಾರಗೇಟಿನ ಹತ್ತಿರ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇದೆ. ಇಂದಾಪುರದ ಕಡೆಯ ಕಬ್ಬಿನ ರೈತರು ಎಸ್‌ಟಿ ಬಸ್ಸಿಳಿದವರೇ ಇವರಲ್ಲಿಗೆ ಬರುತ್ತಾರೆ. ನಮಗೆ ಮಕ್ಕಳಿಲ್ಲ. ಇವರು ಕುಡಿಯುವವರಲ್ಲ, ಕೈ ಎತ್ತುವವರಲ್ಲ, ದನಿ ಏರಿಸಿದವರೂ ಅಲ್ಲ. ಏನು ಕೇಳಿದರೂ "ಹೂಂ". ಇಂಥ ಗಂಡನನ್ನು ಬಿಟ್ಟು ಬೇರೆ ಇರುತ್ತೇನೆ ಎಂದರೆ ನನ್ನ ತವರಿನವರೇ ನನಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಆದರೂ ನಾನು ಹಾಗೆ ನಿರ್ಧರಿಸಿದ್ದೆ. ಹೋದ ಸಂಕ್ರಾಂತಿಯ ದಿನ ಇವರಿಗೆ ಹೇಳಿಯೂ ಬಿಟ್ಟೆ.

"ಫೆಬ್ರವರಿಯಿಂದ ನಾ ಬ್ಯಾರೆ ಇರ್ತೀನ್ರಿ. ಕಾಲೇಜಿನ ಹತ್ರ ಸರೋಜಮ್ಮ ಅನ್ನಾರ ಮನ್ಯಾಗ ಒಂದು ಖೋಲಿ ನೋಡೀನಿ."

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೂಂ" ಎಂದರು, ಮತ್ತೊಂದು ಹೋಳಿಗೆ ಹಾಕಿಸಿಕೊಂಡರು.

ಕಾರಣ ಹನ್ನೊಂದು ವರ್ಷ ಹಿಂದಿನದು. ನಮ್ಮ ಅತ್ತೆ ಗೌರಾಬಾಯಿ ಒಂದು ನರ್ಸಿಂಗ್ ಹೋಮಿನಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದರು. ಒಬ್ಬರಾದರೂ ಪಕ್ಕದಲ್ಲಿ ಇರಬೇಕು ಎಂದು ನಾವೆಲ್ಲ ಸರದಿ ಹಾಕಿಕೊಂಡಿದ್ದೆವು. ಅವತ್ತು ರಾತ್ರಿಯ ಸರದಿ ನನ್ನದು. ಬೆಳಿಗ್ಗೆ ಆರಕ್ಕೆ ಇವರು ಬಂದರು. "ನೀ ಹೋಗು, ಜಳಕಾ ಮಾಡಿ ಬಾ, ನಾ ಇರ್ತೀನಿ" ಎಂದರು. ನಾನು ಮನೆಗೆ ಹೋದೆ. ಇವರಿಗೆ ತಾಯಿಯ ಉಸಿರಿನ ಸದ್ದು ಕೇಳಿಕೊಂಡು ಕೂಡಲು ಆಗಲಿಲ್ಲ. ರಸ್ತೆ ದಾಟಿ ಚಹಾದಂಗಡಿಗೆ ಹೋದವರು ಒಂದೂವರೆ ತಾಸು ಅಲ್ಲೇ ಕೂತರು. ಅಷ್ಟರಲ್ಲಿ ಅತ್ತೆ ಹೋದರು. ಯಾರೂ ಪಕ್ಕದಲ್ಲಿರಲಿಲ್ಲ, ಬಾಯಿಗೆ ಒಂದು ಗುಟುಕು ನೀರು ಬಿಡುವವರೂ ಇರಲಿಲ್ಲ. ಇವರು ಬಂದದ್ದೂ ಎದ್ದು ಹೋದದ್ದೂ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಮೂರನೇ ದಿನದ ಕಾರ್ಯಕ್ಕೆ ಬಳಗವೆಲ್ಲ ಸೇರಿತ್ತು. ಭಾಮಾ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಮುದುಕೀನ ಒಬ್ಬಾಕೀನ ಸಾಯಾಕ ಬಿಟ್ಟು ಜಳಕಾ ಮಾಡಾಕ ಹೋದೆಲ್ಲ ಉಮಾ, ಆ ನೀರು ನಿನ್ನ ಮೈಗೆ ಹೆಂಗರ ಹತ್ತೀತು?" ಎಂದಳು. ನಾನು ಇವರ ಕಡೆ ನೋಡಿದೆ. ಇವರು ನೆಲದ ಕಡೆ ನೋಡಿದರು. ಒಂದು ಮಾತು, "ನಾ ಇದ್ದೆ ಅಲ್ಲೆ" ಎಂಬ ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ತಾಯಿಯನ್ನು ಕಳೆದುಕೊಂಡ ಮಗನ ಮಾನವನ್ನು ಬಳಗದ ಮುಂದೆ ನಾನು ಹೇಗೆ ಕಳೆಯಲಿ? ಇವತ್ತಲ್ಲ ನಾಳೆ ತಾವೇ ಹೇಳುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ಆ ನಾಳೆ ಹನ್ನೊಂದು ವರ್ಷವಾದರೂ ಬರಲಿಲ್ಲ.

ಅವತ್ತೇ ಭಾಮಾಳ ಜೊತೆ ಮಾತು ಬಿಟ್ಟೆ. ಅವಳೂ ಬಿಟ್ಟಳು. ನಮ್ಮ ಕಡೆಯವರಿಗೆ ಮಾತು ಬಿಡುವುದು ಅಂದರೆ ಏನೆಂದು ಗೊತ್ತಿರುವವರಿಗೇ ಗೊತ್ತು. ಮದುವೆ ಮುಂಜಿಗೆ ಹೋಗುತ್ತೇವೆ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತೇವೆ, ಉಪ್ಪು ಬೇಕಾದರೆ ನಡುವೆ ಕೂತವರಿಗೆ ಹೇಳಿ ತರಿಸಿಕೊಳ್ಳುತ್ತೇವೆ. ಮುಖ ನೋಡುತ್ತೇವೆ, ಬಾಯಿ ಬಿಡುವುದಿಲ್ಲ. ಇದನ್ನು ವರ್ಷಗಟ್ಟಲೆ ನಡೆಸುವುದರಲ್ಲಿ ನಾವಿಬ್ಬರೂ ಒಬ್ಬರಿಗಿಂತ ಒಬ್ಬರು ಗಟ್ಟಿ.

ಸಂಕ್ರಾಂತಿಯಾಗಿ ಹದಿನೈದು ದಿನ ಕಳೆದಿರಲಿಲ್ಲ, ನನಗೆ ಕಾಯಿಲೆ ಬಂತು. ಆಗ ಸಿಂಹಗಡ ರಸ್ತೆಯ ಕಡೆ ಜಿಬಿಎಸ್ ಎಂಬ ನರಗಳ ಕಾಯಿಲೆಯ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮ ಮನೆಯೂ ಅದೇ ಕಡೆ, ಧಾಯರಿಯಲ್ಲಿ. ಮೊದಲು ಪಾದಕ್ಕೆ ಜೋಮು ಹಿಡಿಯಿತು. ಮರುದಿನ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೆಯ ದಿನ ಕೈಯೆತ್ತಿ ಹೆರಳು ಹಾಕಿಕೊಳ್ಳಲಾಗಲಿಲ್ಲ. ನಾಲ್ಕನೆಯ ದಿನ ಉಸಿರೇ ಸಾಲದಾಯಿತು. ಗಂಟಲಿಗೆ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸಿದರು.

ಈ ಕಾಯಿಲೆಯ ಕೆಟ್ಟತನ ಒಂದಿದೆ. ಮೈ ಸತ್ತರೂ ಬುದ್ಧಿ ಸಾಯುವುದಿಲ್ಲ. ನನಗೆ ಎಲ್ಲ ಕೇಳುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ರೆಪ್ಪೆಗಳ ಶಕ್ತಿಯೂ ಹೋಗಿದ್ದರಿಂದ ಕಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಹಾಕಿದ್ದರು. ಕತ್ತಲಲ್ಲಿ ಮಲಗಿ ಯಂತ್ರದ ಸದ್ದು ಕೇಳುತ್ತಿದ್ದೆ. ನಾನು ಸತ್ತಿಲ್ಲ ಎಂದು ಯಾರಿಗಾದರೂ ಹೇಳಬೇಕೆಂದರೆ ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ಅಂಥ ಹೆದರಿಕೆಯನ್ನು ನನ್ನ ವೈರಿಗೂ ಬಯಸುವುದಿಲ್ಲ. ಅತ್ತೆಯ ಕೊನೆಯ ಒಂದೂವರೆ ತಾಸು ಹೇಗಿದ್ದಿರಬಹುದು ಎಂದು ನನಗೆ ಆಗ ತಿಳಿಯಿತು.

ನಮ್ಮ ಮನೆಯ ಹತ್ತಿರದ ಆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ತಾಸು, ಸಂಜೆ ಐದಕ್ಕೆ ಅರ್ಧ ತಾಸು ಭೇಟಿಗೆ ಬಿಡುತ್ತಿದ್ದರು. ಒಬ್ಬ ರೋಗಿಗೆ ಒಂದೇ ಪಾಸು. ಒಳಗೆ ಬರುವವರು ಗೌನು, ಮಾಸ್ಕು, ಕೈಗವಸು ಹಾಕಿಕೊಳ್ಳಲೇಬೇಕು. ಕೇತಕಿ ಎಂಬ ನರ್ಸ್ ನನ್ನ ಕಿವಿಯ ಹತ್ತಿರ ಬಂದು "ಆಲೇ ಬಘಾ ತುಮಚೇ ಲೋಕ" ಎನ್ನುತ್ತಿದ್ದಳು. ನಿಮ್ಮವರು ಬಂದರು ನೋಡಿ, ಎಂದು. ಆಮೇಲೆ ಒಂದು ಕೈ ಬಂದು ನನ್ನ ಕೈಯನ್ನು ಹಿಡಿಯುತ್ತಿತ್ತು.

ಆ ಕೈ ಮಾತಾಡುತ್ತಿರಲಿಲ್ಲ, ಅಂದರೆ ಕೈಯ ಒಡೆಯರು ತುಟಿ ಬಿಚ್ಚುತ್ತಿರಲಿಲ್ಲ. ಪಕ್ಕದ ಹಾಸಿಗೆಗಳಿಗೆ ಬಂದವರು ಅಳುತ್ತಿದ್ದರು, ದೇವರ ನಾಮ ಹೇಳುತ್ತಿದ್ದರು, ಮನೆಯ ಸುದ್ದಿ ಹೇಳುತ್ತಿದ್ದರು. ನನ್ನ ಹತ್ತಿರ ಬಂದವರು ಅರ್ಧ ತಾಸೂ ಸುಮ್ಮನೆ ಕೂತು ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ನೀವುತ್ತಿದ್ದರು. ಜೋಮು ಹಿಡಿದ ಕೈಗೆ ಅದು ಎಷ್ಟೋ ಪದರದ ಆಚೆಯಿಂದ ತಲುಪುತ್ತಿತ್ತು. ಮಾತಿಲ್ಲದೆ ಅರ್ಧ ತಾಸು ಕೂಡುವವರು ನಮ್ಮ ಮನೆಯಲ್ಲಿ ಯಾರು? ಇವರೇ. ನನಗೆ ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ. ತಾಯಿಯ ಹತ್ತಿರ ಕೂಡಲಾಗದ ಮನುಷ್ಯ ನನ್ನ ಹತ್ತಿರ ಕೂತಿದ್ದಾರೆ ಎಂದು ಪಟ್ಟಿಯೊಳಗೇ ನನ್ನ ಕಣ್ಣು ತುಂಬಿದವು.

ಬದುಕಬೇಕು ಎಂದು ನನಗೆ ಅನ್ನಿಸಿದ್ದು ಆಗ. ಹನ್ನೊಂದು ಗಂಟೆಗಾಗಿ ಕಾಯುತ್ತಿದ್ದೆ, ಆಮೇಲೆ ಐದಕ್ಕಾಗಿ. ಹದಿನಾಲ್ಕನೆಯ ದಿನ ಯಂತ್ರವನ್ನು ಹತ್ತು ನಿಮಿಷ ನಿಲ್ಲಿಸಿ ನನ್ನಷ್ಟಕ್ಕೆ ಉಸಿರಾಡುತ್ತೇನೆಯೇ ಎಂದು ನೋಡಹೊರಟರು. ಮೊದಲ ಸಲ ಎರಡು ನಿಮಿಷಕ್ಕೇ ಎದೆ ಹಿಡಿದುಕೊಂಡಿತು. ಸಂಜೆ ಕೇತಕಿ ಡಾಕ್ಟರನ್ನು ಕೇಳಿ, ಭೇಟಿಯ ಹೊತ್ತಿನಲ್ಲೇ ಮತ್ತೆ ಯತ್ನಿಸಿದಳು. ಆ ಕೈ ನನ್ನ ಅಂಗೈಯನ್ನು ಒತ್ತಿತು, ಸಡಿಲ ಬಿಟ್ಟಿತು, ಒತ್ತಿತು, ಬಿಟ್ಟಿತು. ಅದು ಒತ್ತಿದಾಗ ಒಳಗೆ, ಬಿಟ್ಟಾಗ ಹೊರಗೆ. ಹಾಗೆ ಹತ್ತು ನಿಮಿಷ ದಾಟಿದೆ, ಮರುದಿನ ಅರ್ಧ ತಾಸು ದಾಟಿದೆ.

ಹದಿನೆಂಟನೆಯ ದಿನ ಕಣ್ಣಿನ ಪಟ್ಟಿ ತೆಗೆದರು. ಎದುರಿಗೆ ಗೌನು ಹಾಕಿಕೊಂಡು ನಿಂತಿದ್ದವರು ಇವರು. ಹಣೆಯ ತುಂಬ ಬೆವರು. ನನಗೆ ಅಳು ಬಂತು. ವಾರ ಕಳೆದು ದನಿ ಬಂದ ಮೇಲೆ ನಾನು ಆಡಿದ ಮೊದಲ ಮಾತೇ, "ದಿನಾ ನೀವ ಕೂಡತಿದ್ರೆಲ್ಲ, ನಂಗ ಗೊತ್ತಿತ್ತು" ಎಂಬುದು.

ಇವರು ಕಿಟಕಿಯ ಕಡೆ ನೋಡಿ "ಹೂಂ" ಎಂದರು.

ಮನೆಗೆ ಬಂದ ವಾರವೇ ಸರೋಜಮ್ಮನಿಗೆ ಫೋನು ಮಾಡಿ ಖೋಲಿ ಬೇಡ ಎಂದೆ. ಹನ್ನೊಂದು ವರ್ಷದ ಎದೆಯ ಬೆಂಕಿಯನ್ನು ನಾನೇ ನೀರು ಹಾಕಿ ಆರಿಸಿದೆ. ಇವರಿಗೆ ಇಷ್ಟವೆಂದು, ನಡುಗುವ ಕೈಯಲ್ಲಿ ಜೋಳದ ರೊಟ್ಟಿ ತಟ್ಟಿದೆ. ಅದು ಭೂಪಟದಂತೆ ಹರಿದುಹೋಯಿತು. ಇವರು ಮೆಚ್ಚಿ ತಿಂದರು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಗಂಡನನ್ನು ಪ್ರೀತಿಸಿದ್ದು ಆ ನಾಲ್ಕು ತಿಂಗಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಜುಲೈನಲ್ಲಿ ತಪಾಸಣೆಗೆಂದು ಒಬ್ಬಳೇ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟಿನ ಹತ್ತಿರ ಕೇತಕಿ ಸಿಕ್ಕಳು. ನಾನು ನಡೆಯುವುದನ್ನು ನೋಡಿ ಓಡಿ ಬಂದು ಅಪ್ಪಿಕೊಂಡಳು. ಆಮೇಲೆ ಕೇಳಿದಳು, "ತುಮಚ್ಯಾ ಜಾಊಬಾಯಿ ಕಶಾ ಆಹೇತ?" ನಿಮ್ಮ ನೆಗೆಣ್ಣಿ ಹೇಗಿದ್ದಾರೆ, ಎಂದು.

ನನ್ನ ನೆಗೆಣ್ಣಿ ನಿನಗೆ ಹೇಗೆ ಗೊತ್ತು ಎಂದು ಮರಾಠಿಯಲ್ಲಿ ಕೇಳಿದೆ.

ಅವಳು ನಕ್ಕಳು. ಗೊತ್ತಿಲ್ಲದೆ ಏನು, ಹದಿನೇಳು ದಿನವೂ ಅವರೇ ಅಲ್ಲವೇ ಬರುತ್ತಿದ್ದುದು, ಎಂದಳು. ಗಿಡ್ಡ ಆಳು, ಹಣೆಗೆ ವಿಭೂತಿ, ಮಾಸ್ಕಿನ ಹಬೆಗೆ ಮಂಜಾಗುವ ಕನ್ನಡಕ. ಹನ್ನೊಂದರ ಭೇಟಿ ಮುಗಿಸಿ, ಹೊರಗಿನ ಬೆಂಚಿನ ಮೇಲೆ ಕೂತು ಬುತ್ತಿ ಉಂಡು, ಐದರವರೆಗೆ ಅಲ್ಲೇ ಕಾಯುತ್ತಿದ್ದರು. ನಿಮ್ಮ ಯಜಮಾನರು ಮೊದಲ ದಿನ ಬಾಗಿಲವರೆಗೆ ಬಂದು ತಲೆ ತಿರುಗಿ ಕೂತುಬಿಟ್ಟರು, ಆಮೇಲೆ ಸಹಿ ಹಾಕುವುದಕ್ಕಷ್ಟೇ ಬರುತ್ತಿದ್ದರು. ರೋಗಿಗೆ ಕೇಳಿಸುತ್ತದೆ, ಏನಾದರೂ ಮಾತಾಡಿ ಎಂದು ನಿಮ್ಮ ಜಾಊಬಾಯಿಗೆ ನಾನು ದಿನಾ ಹೇಳುತ್ತಿದ್ದೆ. ಅವರು ಏನೆಂದರು ಗೊತ್ತೇ? "ಆಮ್ಹೀ ಬೋಲತ ನಾಹೀ." ನಾವು ಮಾತಾಡುವುದಿಲ್ಲ!

ಇಂಥ ತಮಾಷೆಯನ್ನು ತಾನು ಎಲ್ಲೂ ಕಂಡಿಲ್ಲ ಎಂದು ಕೇತಕಿ ಇನ್ನೂ ನಗುತ್ತಿದ್ದಳು. ನಾನು ಗೋಡೆ ಹಿಡಿದುಕೊಂಡೆ. ಅವಳು ಗಾಬರಿಯಾಗಿ ಗಾಲಿಕುರ್ಚಿ ತರಿಸಿದಳು.

ಆ ಸಂಜೆ ಇವರು ಅಂಗಡಿಯಿಂದ ಬಂದು ಚಹಾ ಕುಡಿದು ಮುಗಿಸುವವರೆಗೆ ಕಾದೆ. ಕೇತಕಿಯ ಸುದ್ದಿ ಎತ್ತಲಿಲ್ಲ. ತಪ್ಪೊಪ್ಪಿಕೊಳ್ಳಲು ಒಂದು ಅವಕಾಶ ಕೊಡಬೇಕೆಂದೇ ಇದ್ದೆ. ಕೈ ಚಾಚಿ, "ಇವತ್ತ ಯಾಕೋ ಎದಿ ಹೊಡಕೊಳ್ಳಾಕ ಹತ್ತೇತಿ. ದವಾಖಾನ್ಯಾಗ ಹಿಡದಂಗ ಒಂದೀಟು ಹಿಡೀರಿ" ಎಂದೆ.

ಇವರು ಹಿಡಿದರು. ಯಾರದೋ ಕೊಡೆಯನ್ನು ಹಿಡಿದುಕೊಂಡು ನಿಂತವರ ಹಾಗೆ ಹಿಡಿದರು. ಬೆರಳಿಗೆ ಬೆರಳು ತಾಗಲಿಲ್ಲ.

"ಅಷ್ಟು ದಿನಾ ಸುಮ್ಮನ ಕೂತು ಏನು ವಿಚಾರ ಮಾಡತಿದ್ರಿ?" ಎಂದು ಕೇಳಿದೆ.

ಆಗಲಾದರೂ ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ ಉಮಾ, ಹೆದರಿಕೆಯಾಯಿತು ಉಮಾ, ಎಂದಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಇವರು ಗೋಡೆ ನೋಡುತ್ತ, ಮೂವತ್ತು ವರ್ಷದಲ್ಲಿ ಎಂದೂ ಆಡದಷ್ಟು ಉದ್ದದ ಮಾತು ಆಡಿದರು.

"ಅವ್ವನ ನೆನಪು ಭಾಳ ಆಗತಿತ್ತು. ಆಕಿ ಹತ್ರ ಕೂಡಾಕ ಆಗಲಿಲ್ಲ, ನಿನ್ನ ಹತ್ರನರ ಕೂಡಬೇಕು ಅಂತ ಗಟ್ಟಿ ಮನಸು ಮಾಡಿದ್ದೆ. ನಿನ್ನ ಕೈ ಹಿಡಕೊಂಡು, ಅವ್ವಾ ಈಕಿನ್ನ ಉಳಸು ಅಂತ ಒಳಗೊಳಗ ಬೇಡಕೋತ ಕೂಡತಿದ್ದೆ."

ಸತ್ತ ತಾಯಿಯನ್ನೂ ಕರೆತಂದು ಸುಳ್ಳಿನ ಪಕ್ಕದಲ್ಲಿ ಕೂಡಿಸಿದರು. ಅಷ್ಟರಲ್ಲಿ ಇಂದಾಪುರದ ಗಿರಾಕಿಯ ಫೋನು ಬಂತು. ಇವರು ಬದುಕಿದೆ ಅನ್ನುವಂತೆ ಕೈ ಬಿಟ್ಟು ಎದ್ದು, ಬಾಲ್ಕನಿಗೆ ಹೋಗಿ, ಯಾವುದೋ ಮೋಟಾರಿನ ಬೇರಿಂಗಿನ ವಿಷಯ ಬಾಯಿ ತುಂಬ ಮಾತಾಡಿದರು. ನಾನು ನನ್ನ ಕೈಯನ್ನು ಸೀರೆಗೆ ಒರೆಸಿಕೊಂಡೆ.

ಮರುದಿನ ಇವರು ಅಂಗಡಿಗೆ ಹೋದ ಮೇಲೆ ಖರಾಡಿಗೆ ಹೊರಟೆ. ಭಾಮಾ ಮತ್ತು ಭಾವನವರು ಅಲ್ಲಿ ಏಳನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಇರುತ್ತಾರೆ. ರಿಕ್ಷಾ ಮಾಡಬಹುದಿತ್ತು. ಹಟ ಹಿಡಿದು ಬಸ್ಸಿನಲ್ಲೇ ಹೋದೆ. ಒಂದು ಬಸ್ಸು ಹಿಡಿದು, ಸ್ವಾರಗೇಟಿನಲ್ಲಿ ಇಳಿದು, ಊರುಗೋಲು ಊರಿಕೊಂಡು ನಿಂತು, ಇನ್ನೊಂದು ಬಸ್ಸು ಹಿಡಿದು, ಒಟ್ಟು ಎರಡು ತಾಸು. ಅರವತ್ತೆರಡು ವರ್ಷದ ಹೆಂಗಸು ಇದನ್ನು ಹದಿನೇಳು ದಿನ, ಹೋಗುತ್ತ ಬರುತ್ತ ಮಾಡಿದ್ದಾಳೆ ಎಂದು ಯೋಚಿಸಿದಾಗ ಎದೆ ಕರಗಿತು. ಮಾಡಿಯೂ ಭವನದಲ್ಲಿ ಕೂತು ಚಪ್ಪಾಳೆ ತಟ್ಟಿದಳಲ್ಲ ಎಂದು ನೆನಪಾದಾಗ ಕಲ್ಲಾಯಿತು. ಖರಾಡಿ ಬರುವವರೆಗೆ ಇದೇ ನಡೆದಿತ್ತು.

ಬಾಗಿಲು ತೆಗೆದವಳು ಭಾಮಾ. ನನ್ನನ್ನು ನೋಡಿದಳು, ಊರುಗೋಲನ್ನು ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಾತಿಲ್ಲ. ಕುರ್ಚಿ ಎಳೆದು ಹಾಕಿದಳು. ನೀರು ತಂದು ಇಟ್ಟಳು, ಜೊತೆಗೆ ಬೆಲ್ಲ. ಎದುರಿಗೆ ಕೂತಳು. ಒಳಗಿನ ಕೋಣೆಯಲ್ಲಿ ಭಾವನವರ ಟಿವಿಯ ಸದ್ದು ಬರುತ್ತಿತ್ತು. ಹನ್ನೊಂದು ವರ್ಷದ ಮೌನವನ್ನು ಯಾರು ಮೊದಲು ಮುರಿಯಬೇಕೆಂದು ನಾವು ಇಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಕಡೆಗೆ ಸೋತವಳು ನಾನೇ.

"ಯಾಕ ಹೇಳಲಿಲ್ಲ?" ಎಂದೆ.

ಭಾಮಾ ಕನ್ನಡಕ ತೆಗೆದಳು. ಯಾರು ಹೇಳಿದರು, ಏನು ಹೇಳಿದರು ಎಂದು ಕೇಳಲಿಲ್ಲ.

"ನಿನ್ನ ಸುದ್ದಿ ತಿಳದು ಮೊದಲನೇ ದಿನಾ ದವಾಖಾನಿಗೆ ಬಂದೆ. ಬಸವಪ್ರಭು ಕೆಳಗ ಗಾಡಿ ನಿಂದರಸೂ ಕಡೆ ನಿಂತಿದ್ದ. ಕೈಯಾಗ ಪಾಸ್ ಇತ್ತು. ಮ್ಯಾಲ ಹೋಗೂದು, ತಿರುಗಿ ಬರೂದು, ಎರಡ ಸಲ ಮಾಡಿದ. ಆಮ್ಯಾಲ ಸಣ್ಣ ಹುಡುಗನ್ಹಂಗ ಅತ್ತ. ವೈನಿ, ನನ್ನ ಕೈಲೆ ಆಗೂದಿಲ್ರಿ, ಅವ್ವನ್ನೂ ನಾನ ಬಿಟ್ಟು ಹೋಗಿದ್ದೆ, ಉಮಾ ಅಲ್ಲ, ಅಂದ." ಕನ್ನಡಕವನ್ನು ಸೆರಗಿನಿಂದ ಒರೆಸಿದಳು. "ಅವನ ಕೈಯಾಗಿನ ಪಾಸ್ ಕಸಕೊಂಡು ನಾ ಮ್ಯಾಲ ಬಂದೆ."

"ಬಂದಾಕಿ ಬಾಯಿ ಯಾಕ ತಗೀಲಿಲ್ಲ?"

"ನನ್ನ ದನಿ ಕೇಳಿ ನಿಂಗ ಸಿಟ್ಟು ಬಂದು ಏನರ ಆಗಿದ್ರ? ಮಾತು ಬಿಟ್ಟಾಕಿ ಬಂದು ಕಿವ್ಯಾಗ ಒದರಿದ್ರ ಹೆಂಗ? ಕೈ ಹಿಡಿಯೂದಿಲ್ಲ ಅಂತ ನಾವೇನು ಆಣಿ ಮಾಡಿರಲಿಲ್ಲ. ಅದಕ್ಕ ಕೈ ಹಿಡದೆ." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಒಬ್ಬಾಕಿನ್ನ ಬಿಟ್ಟಿರಬಾರದು ಅಂತಷ್ಟ ಇತ್ತು ನನ್ನ ಮನಸಿನ್ಯಾಗ."

"ಆತು. ನಾ ಎದ್ದು ಕೂತ ಮ್ಯಾಲ?"

ಭಾಮಾ ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು.

"ಅಂವ ಇಲ್ಲಿಗೆ ಬಂದಿದ್ದ. ನಿಮ್ಮ ಭಾವ ಮನ್ಯಾಗ ಇರಲಿಲ್ಲ. ಕಾಲು ಹಿಡಕೊಂಡ. ಆಕಿ ನನ್ನ ಬಿಟ್ಟು ಹೋಗಾಕ ನಿಂತಿದ್ಲು, ಈಗ ನಾನ ಕೂತಿದ್ದೆ ಅಂತ ತಿಳದು ಖೋಲಿ ಬ್ಯಾಡ ಅಂದಾಳ, ನೀವು ಬಾಯಿ ಬಿಟ್ರ ನನ್ನ ಮನಿ ಮುರೀತೈತಿ ಅಂದ. ಮನಿ ಮುರದ ಪಾಪ ನನಗ ಬ್ಯಾಡಾಗಿತ್ತು ಉಮಾ."

"ನನ್ನ ಮನಿ ನಿಲ್ಲಸಾಕ ನನಗ ಸುಳ್ಳು ಕೊಟ್ರಿ, ಇಬ್ಬರೂ ಕೂಡಿ."

"ಚಲೋ ಆಗಲಿ ಅಂತ—"

"ಮೈಕ್ ಹಿಡದು ಊರ ಮುಂದ ಹೇಳಿದೆ ಅಕ್ಕಾ! ನೀ ಕೂತು ಕೇಳಿದಿ! ನಾ ಆ ಮನುಷ್ಯಾಗ ನಡುಗೂ ಕೈಲೆ ರೊಟ್ಟಿ ಬಡದು ಹಾಕೀನಿ! ನೀ ಮಾಡಿದ್ದಕ್ಕ ಅಂವಗ ಕೈ ಮುಗದೀನಿ!"

ಉಸಿರು ಸಾಲದಾಗಿ ನಿಲ್ಲಿಸಿದೆ. ಭಾಮಾ ಥಟ್ಟನೆ ಎದ್ದು ಬಂದು ನನ್ನ ಕೈ ಹಿಡಿದಳು. ಗವಸು ಇರಲಿಲ್ಲ, ನಡುವೆ ಜೋಮಿನ ಪದರಗಳಿರಲಿಲ್ಲ, ಆದರೂ ಅದೇ ಕೈ. ಅಂಗೈ ಒತ್ತಿದಳು, ಬಿಟ್ಟಳು. ನನ್ನ ಸಿಟ್ಟು ತಲೆಯಲ್ಲೇ ಇತ್ತು, ಎದೆ ಮಾತ್ರ ನನ್ನನ್ನು ಕೇಳದೆ ಆ ಕೈಯ ಮಾತು ಕೇಳಿ ತಣ್ಣಗಾಗತೊಡಗಿತು. ನನ್ನ ಮೈಗೆ ಮಾನ ಮರ್ಯಾದೆ ಇಲ್ಲ. ಯಾರು ಹಿಡಿದರು, ಯಾಕೆ ಮುಚ್ಚಿಟ್ಟರು ಎಂಬುದು ಅದಕ್ಕೆ ಬೇಕಾಗಿಲ್ಲ. ಆ ಕೈ ನನ್ನನ್ನು ಉಳಿಸಿತು, ಅದನ್ನು ನಾನು ಈಗಲೂ ಇಲ್ಲವೆನ್ನುವುದಿಲ್ಲ.

"ಅವತ್ತ ಬಳಗದ ಮುಂದ ಅಂದ ಮಾತು?" ಎಂದೆ. "ಅತ್ತೀನ ನಾ ಬಿಟ್ಟು ಹೋದೆ ಅಂದದ್ದು? ನಿಜಾ ಏನಂತ ತಿಳದು ಆರು ತಿಂಗಳಾತು. ತಪ್ಪಾತು ಅಂತ ಒಂದು ಮಾತು?"

"ಅದನ್ನೆಲ್ಲಾ ನಾ ದಿನಾ ಕೈಲೆ ಹೇಳತಿದ್ದೆ, ಉಮಾ. ಒಂದೊಂದ ಬಟ್ಟು ಹಿಡದು ತಪ್ಪಾತು ತಪ್ಪಾತು ಅಂತಿದ್ದೆ."

"ಅವತ್ತ ಬಳಗೆಲ್ಲಾ ಕೇಳುವಂಗ ಬಾಯಿಲೆ ಅಂದಿ. ಈಗ ಕೈಲೆ ಬ್ಯಾಡ. ಬಾಯಿಲೆ ಅನ್ನು."

ಅವಳು ಒಳಕೋಣೆಯ ಬಾಗಿಲ ಕಡೆ ನೋಡಿದಳು. ನಾನು ಕಾದೆ. ಇದೊಂದಕ್ಕಾಗಿ ಹನ್ನೊಂದು ವರ್ಷ ಕಾದಿದ್ದೇನೆ, ಇನ್ನೊಂದು ನಿಮಿಷಕ್ಕೆ ಏನಂತೆ.

"ಅತ್ತೀನ ನೀ ಬಿಟ್ಟು ಹೋಗಿರಲಿಲ್ಲ" ಎಂದಳು, ಬಹಳ ಮೆಲ್ಲಗೆ.

"ಜೋರಲೆ ಅನ್ನು."

"ಅತ್ತೀನ ಬಿಟ್ಟು ಹೋದಾಕಿ ನೀ ಅಲ್ಲ! ನಾ ತಪ್ಪು ಮಾತಾಡಿದೆ! ಸಾಕಾತಿಲ್ಲೋ?" ಭಾಮಾ ಹೋ ಎಂದು ಅತ್ತಳು.

ಒಳಗೆ ಟಿವಿಯ ಸದ್ದು ನಿಂತಿತು. ಭಾವನವರು ಬಾಗಿಲಲ್ಲಿ ಬಂದು ನಿಂತರು. ಎಪ್ಪತ್ತರ ಹತ್ತಿರದ ಮನುಷ್ಯ, ತಾಯಿಯ ಫೋಟೋಕ್ಕೆ ಇವತ್ತಿಗೂ ವಿಭೂತಿ ಹಚ್ಚದೆ ನೀರು ಕುಡಿಯದವರು. ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ನಾವಿಬ್ಬರೂ ಒಂದೇ ಕಡೆ ಕೂತು ಮಾತಾಡುತ್ತಿದ್ದೇವೆ ಎಂಬುದಕ್ಕೆ ಬೆರಗಾದರೋ, ಕೇಳಿಸಿಕೊಂಡ ಮಾತಿಗೋ ತಿಳಿಯಲಿಲ್ಲ.

"ಉಮಾ ಅಲ್ಲಂದ್ರ," ಎಂದರು, "ಅವ್ವನ ಹತ್ರ ಅವತ್ತ ಯಾರು ಇರಬೇಕಾಗಿತ್ತು?"

ಭಾಮಾ ನನ್ನ ಕೈ ಒತ್ತಿದಳು. ಆ ಒತ್ತು ನನಗೆ ಚೆನ್ನಾಗಿ ಗೊತ್ತು, ಹದಿನೇಳು ದಿನ ಅದರ ಜೊತೆ ಬದುಕಿದ್ದೇನೆ. ಆದರೆ ಈ ಸಲ ಅದು ಉಸಿರಾಡು ಅನ್ನಲಿಲ್ಲ. ಸುಮ್ಮನಿರು ಅಂದಿತು. ಅಣ್ಣತಮ್ಮಂದಿರ ನಡುವೆ ಬೆಂಕಿ ಹಚ್ಚಬೇಡ, ಇಷ್ಟು ವರ್ಷ ಹೊತ್ತವಳು ಇನ್ನಷ್ಟು ಹೊರು, ಅಂದಿತು. ಒತ್ತಿದ ಕೈಯನ್ನು ಅವಳು ಸಡಿಲ ಬಿಡಲೇ ಇಲ್ಲ.

ನಾನು ಕೈ ಬಿಡಿಸಿಕೊಂಡೆ.

"ನಿಮ್ಮ ತಮ್ಮರೀ, ಭಾವನವರ" ಎಂದೆ.